ಎರಡು ಸಾಲು ಚುಕ್ಕಿ

ಮೊನ್ನೆ ಮಗಳು ಉಷಾ ಜಯನಗರದ ಮಾರ್ಕೆಟ್ಟಿಗೆ ಹೋಗಿ ಎರಡು ಕೆ.ಜಿ. ಅವರೆಕಾಯಿ ತಂದು ಊಟದ ಮೇಜಿನ ಮೇಲೆ ಸುರಿದಳು. ಈಗಿನ ಕಾಯಿಗೆ ಸೊಗಡೇ ಇಲ್ಲ ಎಂದು ಪ್ರತಿ ವರ್ಷ ಗೊಣಗುವವಳು ನಾನು. ಆದರೆ ಅವತ್ತಿನ ಕಾಯಿ ಇಬ್ಬನಿ ಕುಡಿದು ಬಂದದ್ದು, ಬೆರಳಿಗೆ ಜಿಡ್ಡು ಅಂಟಿಸುವಂಥದ್ದು. ಒಂದು ಕಾಯಿ ಬಿಡಿಸಿದೆ, ಎರಡು ಬಿಡಿಸಿದೆ, ಮೂರನೆಯದಕ್ಕೆ ಕಣ್ಣು ಮಂಜಾಯಿತು.

"ಅಮ್ಮ, ಅಳ್ತಿದೀಯಾ?"

"ಈರುಳ್ಳಿ ಹೆಚ್ಚಿದೆ ಕಣೆ."

"ಈರುಳ್ಳಿ ಎಲ್ಲಿದೆಯಮ್ಮ ಇಲ್ಲಿ?"

ನನ್ನ ಮಗಳಿಗೆ ಅರವತ್ತು ದಾಟಿದೆ, ಆದರೂ ತಾಯಿಯ ಸುಳ್ಳನ್ನು ಸುಮ್ಮನೆ ಬಿಟ್ಟುಕೊಡುವ ಬುದ್ಧಿ ಬಂದಿಲ್ಲ. ನಾವೀಗ ಇರುವುದು ಜೆ.ಪಿ. ನಗರದಲ್ಲಿ, ನಾಲ್ಕನೇ ಮಹಡಿಯಲ್ಲಿ. ಈ ಕಟ್ಟಡದ ಕೆಳಗಿನ ಮಣ್ಣು ಒಂದು ಕಾಲಕ್ಕೆ ಸಾರಕ್ಕಿ ಹಳ್ಳಿಯವರ ರಾಗಿ ಹೊಲ, ಅವರೆ ಹೊಲ. ಆ ಹೊಲಗಳಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಪಿಳ್ಳಮ್ಮ ನಮ್ಮ ಬೀದಿಗೆ ಬರುತ್ತಿದ್ದಳು. ಅವಳು ಬರದೇ ಇದ್ದಿದ್ದರೆ ಉಷಾ ಅಪ್ಪನ ಜೊತೆ ಬೆಳೆಯುತ್ತಿರಲಿಲ್ಲ. ಅದನ್ನು ಒಮ್ಮೆ ಕೂತು ಬರೆದಿಡು ಎಂದಳು ಉಷಾ. ಬರೆಯುತ್ತಿದ್ದೇನೆ.

ಅರವತ್ತರ ದಶಕದ ಶುರು. ಕಿಲೋ ಗ್ರಾಮು ಎಂಬ ಹೊಸ ತೂಕ ಬಂದಿತ್ತು, ಪಿಳ್ಳಮ್ಮ ಮಾತ್ರ ಸೇರಿನಲ್ಲೇ ಅಳೆಯುತ್ತಿದ್ದಳು. ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟುಗಳೇ ಹೆಚ್ಚು. ಗುರುತಿನ ಕಲ್ಲು ನೆಟ್ಟ ಖಾಲಿ ಜಾಗ, ಲಂಟಾನದ ಪೊದೆ, ನಡುವೆ ಅಗಲವಾದ ರಸ್ತೆ. ಆ ರಸ್ತೆಯಲ್ಲಿ ಸಂಜೆಯಾದರೆ ಮನುಷ್ಯರಿಗಿಂತ ಎಮ್ಮೆಗಳು ಜಾಸ್ತಿ ಓಡಾಡುತ್ತಿದ್ದವು. ನಾವಿದ್ದದ್ದು ಮೂರನೇ ಬ್ಲಾಕಿನ ಒಂದು ಮನೆಯ ಅರ್ಧ ಭಾಗದಲ್ಲಿ. ಮುಂದಿನ ಅರ್ಧದಲ್ಲಿ ಮನೆಯ ಓನರ್ ಕಮಲಮ್ಮನವರು. ಒಳ್ಳೆಯವರೇ, ಆದರೆ ಅವರ ಕಿವಿಗೆ ಬಿದ್ದ ಮಾತು ಬಸ್ಸಿಗಿಂತ ಮುಂಚೆ ಗಾಂಧಿಬಜಾರು ತಲುಪುತ್ತಿತ್ತು.

ನಮ್ಮವರು ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಬಡಾವಣೆಗಳ ನಕ್ಷೆ ಬರೆಯುವ ಕೆಲಸ. ಕೈಯಲ್ಲಿ ಪೆನ್ಸಿಲ್ಲು ಹಿಡಿದರೆ ಎಳೆದ ಗೆರೆ ಅಲ್ಲಾಡುತ್ತಿರಲಿಲ್ಲ. ಮದುವೆಯಾಗಿ ನಾಲ್ಕು ವರ್ಷ, ಉಷಾಗೆ ಎರಡು. ಆ ವರ್ಷದ ಆಷಾಢದಲ್ಲಿ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಮೂರು ತಿಂಗಳು ಏಳಲಿಲ್ಲ. ಸ್ನಾನ ಬೇಡ, ಊಟ ಬೇಡ, ಮಗು ಬಂದು ಮೈಮೇಲೆ ಬಿದ್ದರೂ ಕೈ ಎತ್ತುತ್ತಿರಲಿಲ್ಲ. ನಾನು ಹೊತ್ತ ಹರಕೆಗಳಿಗೆ ಲೆಕ್ಕವಿಲ್ಲ.

ದೀಪಾವಳಿಯ ಹೊತ್ತಿಗೆ ಎದ್ದರು. ಎದ್ದರು ಎಂದರೆ ಹೇಗೆ, ಬೆಳಗಿನ ನಾಲ್ಕಕ್ಕೇ ತಣ್ಣೀರು ಸ್ನಾನ, ಹಾಡು, ಮಗುವನ್ನು ಭುಜದ ಮೇಲೆ ಕೂರಿಸಿಕೊಂಡು ಲಾಲ್‌ಬಾಗಿನವರೆಗೂ ನಡಿಗೆ. ನನಗೆ ಸ್ವರ್ಗ ಮೂರೇ ಗೇಣು. ದೇವರು ಕಣ್ಣು ಬಿಟ್ಟ ಎಂದು ಸತ್ಯನಾರಾಯಣ ಪೂಜೆ ಇಟ್ಟುಕೊಂಡೆ, ಬೀದಿಗೆಲ್ಲ ಸಪಾದಭಕ್ಷ್ಯ ಹಂಚಿದೆ. ಕಾಯಿಲೆ ಏರುತ್ತಿರುವುದಕ್ಕೆ ಪ್ರಸಾದ ಹಂಚಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಪೂಜೆಯಾದ ನಾಲ್ಕನೇ ದಿನ ಇವರು ಹಾರೆ ಹಿಡಿದು ಹೋಗಿ, ರಸ್ತೆ ನೇರವಾಗಿಲ್ಲವೆಂದು ಮೂರು ಬೀದಿಗಳ ಸೈಟಿನ ಕಲ್ಲುಗಳನ್ನೆಲ್ಲ ಕಿತ್ತು, ಬೇರೆ ಸಾಲಿನಲ್ಲಿ ನೆಟ್ಟು ಬಂದರು. ಮಲಗದೆ ಐದು ದಿನವಾಗಿತ್ತು. ಸೈಟಿನವರು ಜಗಳಕ್ಕೆ ಬಂದರು, ತಡೆಯಲು ಹೋದ ನನ್ನನ್ನು ಇವರು ತಳ್ಳಿದರು. ಕೊನೆಗೆ ಕಚೇರಿಯ ಇಬ್ಬರು ಸ್ನೇಹಿತರು ಕೂಡಿ, ವಿಲ್ಸನ್ ಗಾರ್ಡನ್ ಆಚೆಗಿನ ಆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಆಸ್ಪತ್ರೆಗೆ ಒಂದು ಒಳ್ಳೆಯ ಹೆಸರಿತ್ತು. ಊರಿನವರು ಆ ಹೆಸರು ಹೇಳುತ್ತಿರಲಿಲ್ಲ.

ಅಲ್ಲಿನ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ನಿಧಾನವಾಗಿ ಮಾತಾಡುವವರು. "ಮಲಗಿದ್ದದ್ದು, ಈಗ ಕುಣೀತಿರೋದು, ಎರಡೂ ಒಂದೇ ಕಾಯಿಲೆಯಮ್ಮ. ಏರುತ್ತೆ, ಇಳಿಯುತ್ತೆ. ಮಧ್ಯೆ ಸರಿಯಾಗೇ ಇರ್ತಾರೆ. ಮಾತ್ರೆ ಬಿಡಬಾರದು. ನಿದ್ದೆ ಕಮ್ಮಿ ಆದ್ರೆ ಕಾಯ್ಬೇಡಿ, ಕರ್ಕೊಂಡ್ ಬನ್ನಿ" ಎಂದರು. ಐದು ವಾರ ಇಟ್ಟುಕೊಂಡು, ಕರೆಂಟು ಕೊಟ್ಟು, ಮಾತ್ರೆ ಕೊಟ್ಟು, ಧನುರ್ಮಾಸ ಶುರುವಾಗುವ ಹಿಂದಿನ ದಿನ ಮನೆಗೆ ಕಳಿಸಿದರು.

ಅದೇ ವಾರ ಭಾವನವರ ಕಾಗದ ಬಂತು. ಭಾವ ಎಂದರೆ ನಮ್ಮವರ ಅಣ್ಣ, ತುಮಕೂರಿನಲ್ಲಿ ಶಿರಸ್ತೇದಾರರು. ತಂದೆಯಿಲ್ಲದ ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ಮದುವೆ ಮಾಡಿದವರು. ಕಾಗದದಲ್ಲಿ ಸುತ್ತುಬಳಸು ಇರಲಿಲ್ಲ. ನಮ್ಮ ಮಾವನವರ ತಿಥಿ ಪುಷ್ಯ ಮಾಸದಲ್ಲಿ. ಓರಗಿತ್ತಿ ಮಗಳ ಬಾಣಂತನಕ್ಕೆ ಹೋಗಿರುವುದರಿಂದ ಈ ಸಲ ತಿಥಿ ಬೆಂಗಳೂರಿನಲ್ಲೇ ಆಗಲಿ. ಮುಂದೆ ಅವರದೇ ಮಾತು: ತಿಥಿ ಮುಗಿಸಿಕೊಂಡು ತಮ್ಮ ಸೀನುವನ್ನು ನಾನು ಕರೆದುಕೊಂಡು ಹೋಗುತ್ತೇನೆ. ದೂರದ ಒಂದು ಕ್ಷೇತ್ರದಲ್ಲಿ ಇಂಥವರನ್ನು ಇಟ್ಟುಕೊಳ್ಳುತ್ತಾರೆ. ನೀನು ಮಗುವಿನ ಜೊತೆ ಕೋಲಾರಕ್ಕೆ ತವರಿಗೆ ಹೋಗು. ನಿನ್ನ ವಯಸ್ಸಿಗೆ ಈ ಭಾರ ಬೇಡ.

ಆ ಕ್ಷೇತ್ರದ ಸಂಗತಿ ನನಗೆ ಗೊತ್ತಿತ್ತು. ಕಂಬಕ್ಕೆ ಸರಪಳಿ ಹಾಕಿ ಕಟ್ಟುತ್ತಾರೆ. ನಲವತ್ತೆಂಟು ದಿನವೆಂದು ಬಿಟ್ಟು ಬಂದವರನ್ನು ವಾಪಸ್ಸು ಕರೆತಂದದ್ದನ್ನು ನಾನು ಕೇಳಿರಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸಾಸಿವೆ ಡಬ್ಬಿಯ ಕೆಳಗಿಟ್ಟೆ. ತಿಥಿಗೆ ಇನ್ನು ಮೂರೂವರೆ ವಾರ. ಅಷ್ಟರಲ್ಲಿ ಇವರು ಮನೆಯಲ್ಲಿ ಇರಬಲ್ಲರು ಎಂದು ಭಾವನಿಗೆ ತೋರಿಸಬೇಕು. ಕಳಿಸುವುದಿಲ್ಲ ಎಂದು ಆವತ್ತೇ ತೀರ್ಮಾನ ಮಾಡಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಪಿಳ್ಳಮ್ಮನನ್ನು ನಾನು ಮೊದಲು ನೋಡಿದ್ದು ನಮ್ಮ ಬೀದಿಯಲ್ಲೇ, ಸೊಪ್ಪು ಮಾರುವವಳಾಗಿ. ಆಮೇಲೆ ನೋಡಿದ್ದು ಆಸ್ಪತ್ರೆಯ ಬೆಂಚಿನ ಮೇಲೆ. ಇಬ್ಬರಿಗೂ ಗುರುತು ಸಿಕ್ಕಿತು, ಇಬ್ಬರೂ ಮುಖ ತಿರುಗಿಸಿದೆವು. ಎರಡನೇ ವಾರ ಅವಳೇ ಸರಿದು ಪಕ್ಕದಲ್ಲಿ ಕೂತಳು. "ನಿಮ್ಮ ಅಯ್ನೋರಾ?" ಎಂದಳು. ಹೂಂ ಎಂದೆ. "ನಂದೂ ಗಂಡನೇ ಕಣಮ್ಮಣ್ಣಿ. ಇಪ್ಪತ್ತು ವರ್ಸ ಆಯ್ತು. ಒಂದು ಸಲ ಏರಿದಾಗ ಹೊಲದಾಗೆ ಒಂದೇ ತಿಂಗ್ಳಿಗೆ ಮೂರು ಬಾವಿ ತೋಡ್ದ. ಒಂದ್ರಾಗೂ ನೀರಿಲ್ಲ."

ನನಗೆ ನಗು ಬಂತು. ಎಷ್ಟು ತಿಂಗಳಾಗಿತ್ತೋ ನಕ್ಕು. ನಗುತ್ತಾ ನಗುತ್ತಾ ಅದು ಅಳುವಾಯಿತು, ಅವಳು ಬೆನ್ನ ಮೇಲೆ ಕೈಯಿಟ್ಟಳು. ಆ ಕಾಲದ ಅಭ್ಯಾಸದಂತೆ ನಾನು ಅವಳನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ. ಈಗ ಬರೆಯುವಾಗಲೂ ಹಾಗೇ ಬರುತ್ತಿದೆ. ಅವಳು ಬೇಜಾರು ಮಾಡಿಕೊಳ್ಳುವವಳಲ್ಲ.

ಇವರು ಮನೆಗೆ ಬಂದ ಮೇಲೆ ಅವಳು ನನಗೆ ಹೇಳಿಕೊಟ್ಟ ಮೊದಲ ಪಾಠ ನಿದ್ದೆಯದು. "ಮಾತು ನೋಡ್ಬೇಡ, ಊಟ ನೋಡ್ಬೇಡ. ನಿದ್ದೆ ನೋಡು. ಆರು ಗಂಟೆ ಮಲಗಿದ್ರೆ ನಿನ್ ಪಾಡಿಗೆ ನೀನಿರು. ನಾಕಕ್ಕೆ ಇಳೀತು ಅಂದ್ರೆ ನಂಗೇಳು, ನಾ ಬತ್ತೀನಿ." ಹೇಳುವುದು ಹೇಗೆ ಎಂಬುದೇ ಕಷ್ಟವಾಯಿತು. ಗೇಟಿನ ಹತ್ತಿರ ನಿಂತು ಮಾತಾಡಿದರೆ ಕಮಲಮ್ಮನವರ ಕಿಟಕಿ ತೆರೆಯುತ್ತಿತ್ತು. ಇವರಿಗಂತೂ, ರಾತ್ರಿ ನಿದ್ದೆ ಬಂತಾ ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಚೀಟಿ ಬರೆದಿಡೋಣವೆಂದರೆ ಪಿಳ್ಳಮ್ಮನಿಗೆ ಓದು ಬಾರದು.

ಆಗ ಹೊಳೆದದ್ದು ರಂಗೋಲಿ. ಧನುರ್ಮಾಸವಲ್ಲವೇ, ನಸುಕಿಗೇ ಎದ್ದು ಬಾಗಿಲಿಗೆ ದೊಡ್ಡ ರಂಗೋಲಿ ಹಾಕಿ, ಹುಗ್ಗಿ ಮಾಡಿ ನೈವೇದ್ಯ ಮಾಡುವ ತಿಂಗಳು. ದೊಡ್ಡ ರಂಗೋಲಿಯ ಪಕ್ಕದಲ್ಲಿ, ಗೇಟಿನ ಕಂಬದ ಬುಡದಲ್ಲಿ ಒಂದು ಸಾಲು ಚುಕ್ಕಿ ಇಡುತ್ತೇನೆ, ಇವರು ಎಷ್ಟು ಗಂಟೆ ಮಲಗಿದರೋ ಅಷ್ಟು ಚುಕ್ಕಿ ಎಂದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಏಳು ಚುಕ್ಕಿ ಇದ್ರೆ ಅವರೇಕಾಯ್ ಅಂತ ಕೂಗ್ಕೊಂಡು ಮುಂದಕ್ಕೋಯ್ತೀನಿ. ನಾಕು ಇದ್ರೆ ಹಿತ್ತಲಿಂದ ಬತ್ತೀನಿ."

ಹಾಗೇ ನಡೆಯಿತು. ಆ ಚಳಿಗಾಲದ ಬೆಳಗುಗಳು ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿವೆ. ಬೀದಿಯ ಆ ತುದಿ ಕಾಣದಷ್ಟು ಮಂಜು. ಕೈ ಮರಗಟ್ಟಿ ರಂಗೋಲಿ ಪುಡಿ ಬೆರಳ ಸಂದಿಯಲ್ಲಿ ನಿಲ್ಲುತ್ತಿರಲಿಲ್ಲ. ಮಂಜಿನೊಳಗಿಂದ ಮೊದಲು ಸೊಗಡು ಬರುತ್ತಿತ್ತು, ಆಮೇಲೆ ಅವಳ ಕೂಗು, ಆಮೇಲೆ ಅವಳು. ಗೇಟಿನ ಬಳಿ ಒಂದು ಕ್ಷಣ ನಿಂತು ಸೊಂಟದ ಸೀರೆ ಬಿಗಿದುಕೊಳ್ಳುವವಳಂತೆ ಬಗ್ಗಿ ನೋಡುತ್ತಿದ್ದಳು. ಒಳಗೆ ಒಲೆಯ ಮುಂದೆ ಕೂತ ನಾನು ಕೂಗು ಮುಂದಕ್ಕೆ ಹೋಗುವುದನ್ನು ಕೇಳಿ ಸಮಾಧಾನ ಪಡುತ್ತಿದ್ದೆ. ನನ್ನ ಕಷ್ಟ ಗೊತ್ತಿರುವ ಒಂದು ಜೀವ ದಿನಕ್ಕೊಮ್ಮೆ ಬಾಗಿಲ ಮುಂದೆ ಹಾದು ಹೋಗುತ್ತದೆ ಎಂಬುದೇ ದೊಡ್ಡ ಧೈರ್ಯ.

ನಾಲ್ಕು ಚುಕ್ಕಿ ಬಿದ್ದ ದಿನ ಮಾರಾಟ ಮುಗಿಸಿ ಹತ್ತು ಗಂಟೆಗೆ ಹಿತ್ತಲಿಗೆ ಬಂದಳು. ನೆನೆಸಿದ ಅವರೆಕಾಳಿನ ಪಾತ್ರೆ ಇಸಿದುಕೊಂಡು ಇವರ ಮುಂದೆ ಇಟ್ಟು, "ಅಯ್ನೋರೆ, ನನ್ ಕೈಗೆ ವಾಯು ಹಿಡಿದೈತೆ, ಸ್ವಲ್ಪ ಹಿಚುಕಿಕೊಡಿ" ಎಂದಳು. ಹಿತಕಿದ ಬೇಳೆಯ ಕೆಲಸ ನೋಡಿದವರಿಗೆ ಗೊತ್ತು. ಒಂದೊಂದೇ ಕಾಳು ಒತ್ತಬೇಕು, ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪುಳಕ್ಕನೆ ಹಾರಬೇಕು. ಅವಸರ ಮಾಡಿದರೆ ಬೇಳೆ ಜಜ್ಜಿ ಹೋಗುತ್ತದೆ. ಇವರು ಮೊದಲು ಹತ್ತು ಕಾಳು ಜಜ್ಜಿದರು, ಸಿಡುಕಿದರು, ಆಮೇಲೆ ಆ ನಕ್ಷೆ ಬರೆಯುವ ಬೆರಳುಗಳು ಹದ ಕಂಡುಕೊಂಡವು. ಮಾತಿನ ವೇಗ ತಗ್ಗಿತು. ಪಿಳ್ಳಮ್ಮ ನನ್ನ ಕಡೆ ತಿರುಗಿ, "ನೀನೋಗಿ ಮಲಕ್ಕೋ" ಎಂದಳು.

"ನಂಗೇನಾಗಿದೆ?"

"ಅಯ್ನೋರ ನಿದ್ದೆ ನೀ ಎಣಿಸ್ತೀಯ. ನಿನ್ ನಿದ್ದೆ ಯಾರು ಎಣಿಸೋರು? ನಾಳೆಯಿಂದ ಎರಡು ಸಾಲು ಹಾಕು. ಮೇಲಿಂದು ಅವರ್ದು, ಕೆಳಗಿಂದು ನಿಂದು. ನೀ ಬಿದ್ರೆ ಅವರೂ ಬೀಳ್ತಾರೆ."

ಮಾರನೆಯ ದಿನದಿಂದ ಎರಡು ಸಾಲು. ಮೇಲಿನ ಸಾಲಿನಲ್ಲಿ ನಾನು ಎಂದೂ ಸುಳ್ಳು ಬರೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಬರೆದದ್ದೆಲ್ಲ ಸುಳ್ಳೇ. ಮೂರು ಗಂಟೆ ಮಲಗಿ ಆರು ಚುಕ್ಕಿ ಇಡುತ್ತಿದ್ದೆ. ನಾನು ಗಟ್ಟಿಗಿತ್ತಿ ಎಂಬ ಹಮ್ಮು, ಇನ್ನೇನು. ಪಿಳ್ಳಮ್ಮ ಒಂದು ವಾರ ಸುಮ್ಮನಿದ್ದು ಆಮೇಲೆ ಹೇಳಿದಳು: "ಚುಕ್ಕಿ ಆರು ಅಂತಾವೆ, ನಿನ್ ಕಣ್ಣು ಎರಡು ಅಂತಾವೆ. ಯಾವ್ದು ನಂಬನ?" ನಾನು ಅವರೆಕಾಯಿ ದುಬಾರಿಯಾಯಿತು ಎಂದು ಮಾತು ಬದಲಿಸಿದೆ.

ತಿಥಿ ಹತ್ತಿರ ಬಂತು. ಅಣ್ಣ ಯಾಕೆ ಬರುತ್ತಿದ್ದಾರೆ ಎಂಬುದು ಇವರಿಗೂ ತಿಳಿದಿರಬೇಕು, ನಾನು ಹೇಳಿರಲಿಲ್ಲ. ಮೇಲಿನ ಸಾಲು ಏಳರಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿಯಿತು. ಪಿಳ್ಳಮ್ಮ ಎರಡು ದಿನವೂ ಬಂದು ಕೂತಳು. "ಆಸ್ಪತ್ರೆಗೆ ಕರ್ಕೊಂಡೋಗು" ಎಂದಳು. "ತಿಥಿ ಒಂದು ಮುಗೀಲಿ. ಭಾವನ ಮುಂದೆ ಆಸ್ಪತ್ರೆ ಅಂದ್ರೆ ಮುಗೀತು ಕಥೆ" ಎಂದೆ. ಅದೇ ನಾನು ಮಾಡಿದ ತಪ್ಪು. ಡಾಕ್ಟರು ಕಾಯಬೇಡಿ ಎಂದಿದ್ದರು. ನಾನು ಕಾದೆ.

ಭಾವ ತಿಥಿಯ ಹಿಂದಿನ ಸಂಜೆ ಬಂದಿಳಿದರು. ಬೆಳಿಗ್ಗೆ ನಾನು ಮಡಿಯುಟ್ಟು ಒಲೆ ಹಚ್ಚುವಾಗ ಅಡುಗೆಮನೆಯ ಬಾಗಿಲ ಹೊರಗೆ ನಿಂತು ಕೇಳಿದರು. "ಲಲಿತಾ, ಸೀನು ಮಲಗಿದ್ನೇನಮ್ಮ?"

"ಚೆನ್ನಾಗಿ ಮಲಗಿದ್ರು ಭಾವ."

ಮಲಗಿದ್ದದ್ದು ಎರಡು ಗಂಟೆ. ನಾನು ಅದೂ ಇಲ್ಲ.

ತಿಥಿಯ ದಿನ ನಮ್ಮಲ್ಲಿ ಬಾಗಿಲಿಗೆ ರಂಗೋಲಿ ಹಾಕುವುದಿಲ್ಲ. ಅಂಗಳ ಸಾರಿಸಿ ನೀರು ಹಾಕುವುದಷ್ಟೇ. ಪಿತೃಕಾರ್ಯ ಮುಗಿದು ಬ್ರಾಹ್ಮಣರು ಎದ್ದ ಮೇಲೆ ರಂಗೋಲಿ. ಹುಟ್ಟಿದಾಗಿನಿಂದ ನೋಡಿದ ಪದ್ಧತಿ, ಅದು ಬೇರೆಯವರಿಗೆ ಗೊತ್ತಿರಲಾರದು ಎಂದು ನನಗೆ ಹೊಳೆಯಲೇ ಇಲ್ಲ. ಪಿಳ್ಳಮ್ಮನಿಗೆ ಹೇಳಿರಲಿಲ್ಲ. ಅವರೇಕಾಯ್ ಎಂಬ ಕೂಗು ಅವತ್ತು ನಮ್ಮ ಗೇಟಿನ ಹತ್ತಿರ ನಡುವೆಯೇ ನಿಂತಿತು. ಮುಂದಕ್ಕೂ ಹೋಗಲಿಲ್ಲ, ಹಿತ್ತಲಿಗೂ ಬರಲಿಲ್ಲ. ನಾನು ಒಲೆಯ ಹೊಗೆಯಲ್ಲಿ ಅದನ್ನು ಅಲ್ಲಿಗೇ ಬಿಟ್ಟೆ.

ಉಷಾಳನ್ನು ಕಮಲಮ್ಮನವರ ಮನೆಯಲ್ಲಿ ಬಿಟ್ಟಿದ್ದೆ. ಹತ್ತೂವರೆಗೆ ಪುರೋಹಿತರು ಬಂದರು, ಊಟಕ್ಕೆ ಕರೆದಿದ್ದ ಇಬ್ಬರು ಬ್ರಾಹ್ಮಣರೂ ಬಂದರು. ಭಾವ ಕರ್ತೃ, ಇವರು ಪಕ್ಕದಲ್ಲಿ ಕೂತರು. ಮೊದಲು ಪುರೋಹಿತರ ಉಚ್ಚಾರಣೆ ತಿದ್ದಿದರು. ಆಮೇಲೆ, ನಮ್ಮಪ್ಪನಿಗೆ ಮಾತ್ರ ಯಾಕೆ, ಈ ಬೀದಿಯ ಎಲ್ಲರ ಅಪ್ಪಂದಿರಿಗೂ ಇಲ್ಲೇ ಪಿಂಡ ಇಟ್ಟುಬಿಡೋಣ ಎಂದರು. ಭಾವ ಹಲ್ಲು ಕಚ್ಚಿ, "ಸೀನು, ಕೂತ್ಕೋ" ಎಂದರು. ಇವರು ಎದ್ದರು. ಒದ್ದೆ ಪಂಚೆ, ಬೆರಳಲ್ಲಿ ದರ್ಭೆಯ ಉಂಗುರ, ಹಾಗೇ ಹಿತ್ತಲಿಗೆ ನಡೆದು ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡರು.

"ಅಪ್ಪನ ಹೆಸರಲ್ಲಿ ಬಾವಿ. ಈ ಎಕ್ಸ್‌ಟೆನ್ಷನ್ನಿಗೇ ನೀರಿಲ್ಲ. ಸಾಯಂಕಾಲದೊಳಗೆ ನೀರು ತೆಗೀತೀನಿ ನೋಡ್ತಿರಿ" ಎಂದು ನನ್ನ ಕರಿಬೇವಿನ ಗಿಡದ ಬುಡಕ್ಕೇ ಹಾರೆ ಹಾಕಿದರು.

ಭಾವ ಹಿತ್ತಲ ಬಾಗಿಲಲ್ಲಿ ನಿಂತರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆದರಿಕೆಯಾದದ್ದು. "ಸಾಕಮ್ಮ ಲಲಿತಾ. ಇವತ್ತೇ ಟ್ಯಾಕ್ಸಿ ತರಿಸ್ತೀನಿ. ಬಟ್ಟೆ ಕಟ್ಟಿಡು" ಎಂದರು.

ನಾನು ಸೌಟು ಹಿಡಿದು ನಿಂತಿದ್ದೆ. ಮೂರೂವರೆ ವಾರ ನಾನು ಕಟ್ಟಿಕೊಂಡು ಬಂದದ್ದೆಲ್ಲ ಆ ಕರಿಬೇವಿನ ಗಿಡದ ಜೊತೆ ಬುಡಮೇಲಾಗುತ್ತಿತ್ತು.

ಆಗ ಹಿತ್ತಲ ಗೇಟು ಕಿರ್ರೆಂದಿತು. ಪಿಳ್ಳಮ್ಮ, ಏದುಸಿರು ಬಿಡುತ್ತಾ. ಹಿಂದೆ ಒಬ್ಬ ತೆಳ್ಳಗಿನ ಮನುಷ್ಯ, ತಲೆಗೆ ಟವೆಲ್ಲು ಸುತ್ತಿದ್ದ. "ಒಂದು ಚುಕ್ಕೀನೂ ಇಲ್ವಲ್ಲಮ್ಮಣ್ಣಿ" ಎಂದಳು. "ಮೇಲೂ ಇಲ್ಲ, ಕೆಳಗೂ ಇಲ್ಲ. ಇಬ್ರೂ ಕಣ್ಣೇ ಮುಚ್ಚಿಲ್ಲ ಅಂದ್ಕೊಂಡೆ. ಬುಟ್ಟಿ ಅಲ್ಲೇ ಇಟ್ಟು ಓಡಿದೆ, ಇವ್ನನ್ನ ಕರ್ಕೊಂಡು ಬಂದೆ."

ರಂಗೋಲಿಯಿಲ್ಲದ ಬಾಗಿಲನ್ನು ಅವಳು ಸೊನ್ನೆ ಎಂದು ಓದಿದ್ದಳು. ಸಾರಕ್ಕಿಗೆ ನಡೆದು ಹೋಗಿ, ಯಾವ ಹೊಲದಲ್ಲಿದ್ದನೋ ಗಂಡನನ್ನು ಹುಡುಕಿ ಹೊರಡಿಸಿಕೊಂಡು, ಮತ್ತೆ ನಡೆದು ಬಂದಿದ್ದಳು. ತಪ್ಪಾಗಿ ಓದಿದ್ದಳೋ, ಸರಿಯಾಗಿ ಓದಿದ್ದಳೋ, ಈವತ್ತಿಗೂ ನನಗೆ ಹೇಳಲು ಬಾರದು.

ಅವಳ ಗಂಡ ಮುನಿಯಪ್ಪ ಯಾರನ್ನೂ ನೋಡಲಿಲ್ಲ. ನೇರ ಹೋಗಿ ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತ. ಒಂದು ಹಿಡಿ ಮಣ್ಣು ತೆಗೆದು ಉಜ್ಜಿ ನೋಡಿದ.

"ಅಯ್ನೋರೆ, ಬಾವಿನಾ?"

"ಹೂಂ, ಬಾವಿ."

"ನಾನೂ ಮೂರು ತೋಡಿವ್ನಿ. ಅಳತೆ ಹಾಕಿದೀರಾ?"

ಇವರ ಹಾರೆ ನಿಂತಿತು. ಅಳತೆ ಎಂಬ ಮಾತು ಡ್ರಾಫ್ಟ್ಸ್‌ಮನ್ ಕಿವಿಗೆ ಬಿದ್ದಿತ್ತು.

"ಅಳತೆ ಇಲ್ದೆ ತೋಡಿದ್ಕೇ ನಂದು ಮೂರೂ ಹಾಳಾಯ್ತು" ಎಂದ ಮುನಿಯಪ್ಪ. ಅವನ ದನಿ ಏರಲಿಲ್ಲ, ಇಳಿಯಲಿಲ್ಲ. ಸೊಂಟದಿಂದ ಹುರಿ ತೆಗೆದು ಒಂದು ತುದಿ ಇವರ ಕೈಗೆ ಕೊಟ್ಟ. ಇಬ್ಬರೂ ಅಳೆದರು. ಇವರಿಗೆ ಒಪ್ಪಿಗೆಯಾಗಲಿಲ್ಲ, ಮತ್ತೆ ಅಳೆದರು. ಅಳೆಯುತ್ತಾ ಅಳೆಯುತ್ತಾ ಇವರ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ನಾನು ಪಿಳ್ಳಮ್ಮನಿಗೆ ತಿಥಿಯ ವಿಷಯ ಹೇಳಿದ್ದೆ, ಅವಳು ಹೋಗಿ ಗಂಡನ ಕಿವಿಗೆ ಹಾಕಿದಳು. "ಅಪ್ಪನ ಕೆಲಸ ಅರ್ಧಕ್ಕೇ ಬಿಟ್ಟು ಬಂದ್ರಂತೆ. ಹೋಗಿ ಮುಗಿಸ್ಕೊಂಡ್ ಬನ್ನಿ. ನಾ ಇಲ್ಲೇ ಕೂತಿರ್ತೀನಿ, ಯಾರೂ ಮುಚ್ಚಾಕಿಲ್ಲ" ಎಂದ.

"ಖಂಡಿತ?"

"ಖಂಡಿತ. ನನ್ ಬಾವೀನ ನಾ ಇಲ್ದಾಗ ಮುಚ್ಚಿಬಿಟ್ರು. ಆ ಸಂಕಟ ನಂಗ್ ಗೊತ್ತು."

ಇವರು ಕಾಲು ತೊಳೆದು ಒಳಗೆ ಹೋಗಿ ಕೂತರು. ಕಾರ್ಯ ಮುಗಿಯುವವರೆಗೂ ನಾಲ್ಕು ಸಲ ಎದ್ದು ಕಿಟಕಿಯಲ್ಲಿ ಇಣುಕಿದರು. ಮುನಿಯಪ್ಪ ಗುಂಡಿಯ ಪಕ್ಕ ಬಿಸಿಲಲ್ಲಿ ಕೂತೇ ಇದ್ದ, ಪ್ರತಿ ಸಲವೂ ಕೈ ಎತ್ತಿ ತೋರಿಸಿದ. ಪಿಂಡಪ್ರದಾನವಾಯಿತು, ಬ್ರಾಹ್ಮಣರು ಉಂಡೆದ್ದರು.

ಭಾವ ಕೈತೊಳೆದು ಬಂದು ನನ್ನನ್ನು ಕರೆದರು. "ಯಾರಮ್ಮ ಇವರು?"

ಅಲ್ಲಿಯವರೆಗೆ ನಾನು ಭಾವನ ಎದುರು ಬಾಗಿಲ ಮರೆಯಿಂದಲೇ ಮಾತಾಡಿದವಳು. ಅವತ್ತು ಹೊರಗೆ ಬಂದು ಎದುರಿಗೆ ನಿಂತೆ. "ಅವರ ಗಂಡನಿಗೂ ಇದೇ ಕಾಯಿಲೆ ಭಾವ. ಇಪ್ಪತ್ತು ವರ್ಷದಿಂದ ಮನೇಲೇ ಇದಾರೆ, ಹೊಲ ಉಳ್ತಾರೆ. ಕಂಬಕ್ಕೆ ಕಟ್ಟಿಲ್ಲ. ಇನ್ನೊಂದು ಮಾತು. ಬೆಳಿಗ್ಗೆ ನಾನು ನಿಮಗೆ ಸುಳ್ಳು ಹೇಳಿದೆ. ಇವರು ಮಲಗಿದ್ದು ಎರಡೇ ಗಂಟೆ."

ಆಮೇಲೆ ಎಲ್ಲವನ್ನೂ ಹೇಳಿದೆ. ಚುಕ್ಕಿಯ ವಿಷಯ, ಎರಡು ಸಾಲಿನ ವಿಷಯ, ಕೆಳಗಿನ ಸಾಲಿನಲ್ಲಿ ನಾನು ಬರೆದ ಸುಳ್ಳು. ಭಾವ ಹಿತ್ತಲ ಕಡೆ ತಿರುಗಿದರು.

"ಸೀನು ನಾನು ಎತ್ತಿ ಆಡಿಸಿದ ಹುಡುಗ. ಅವನನ್ನ ಕಂಬಕ್ಕೆ ಕಟ್ಟೋಕೆ ನನಗೇನು ಇಷ್ಟವಾ?" ಎಂದರು. "ನಿನ್ನ ಮುಖ ನೋಡೋಕಾಗ್ತಿಲ್ಲ ನನಗೆ. ಒಬ್ಬಳೇ ಎಷ್ಟು ದಿನ ಮಾಡ್ತೀಯ?"

"ಒಬ್ಬಳೇ ಆಗಲ್ಲ ಭಾವ. ಅದಕ್ಕೇ ಕೇಳ್ತಿದೀನಿ. ಇವರನ್ನ ಕರ್ಕೊಂಡು ಹೋಗೋದು ಬೇಡ. ನೀವೇ ಇಲ್ಲಿ ಎಂಟು ದಿನ ಇರಿ. ನನಗೆ ನಿದ್ದೆ ಮಾಡೋಕೆ ಬಿಡಿ."

"ನಾನಿದ್ದು ಏನು ಮಾಡ್ಲಿ? ನನಗೇನು ಬರುತ್ತೆ?"

"ಎಣಿಸೋಕೆ ಬರುತ್ತಲ್ಲ."

ಅವರು ಪಂಚೆ ಬದಲಿಸಿ, ಕೋಟು ಹಾಕಿಕೊಂಡು, ಸೌತ್ ಎಂಡ್ ಸರ್ಕಲ್ಲಿನ ಕಡೆ ಹೋಗಿ ಟ್ಯಾಕ್ಸಿ ತಂದರು. ಟ್ಯಾಕ್ಸಿಯ ಸದ್ದು ಕೇಳಿ ಪಿಳ್ಳಮ್ಮ ನನ್ನ ತೋಳು ಹಿಡಿದುಕೊಂಡಳು. ಭಾವ ತಮ್ಮನ ಭುಜದ ಮೇಲೆ ಕೈ ಹಾಕಿ ಕೂರಿಸಿದರು, "ನೀನೂ ಬಾರಮ್ಮ" ಎಂದು ನನ್ನನ್ನು ಕರೆದರು, ಬಾವಿಯ ಅಳತೆ ಇನ್ನೂ ಮುಗಿದಿಲ್ಲವೆಂದು ಮುನಿಯಪ್ಪನೂ ಮುಂದಿನ ಸೀಟಿನಲ್ಲಿ ಕೂತ. ಡ್ರೈವರು ಎಲ್ಲಿಗೆ ಸಾರ್ ಎಂದ. ಭಾವ "ವಿಲ್ಸನ್ ಗಾರ್ಡನ್ ಆ ಕಡೆ" ಎಂದರು.

ಆಸ್ಪತ್ರೆಯಲ್ಲಿ ಅದೇ ಚಿಕ್ಕ ವಯಸ್ಸಿನ ಡಾಕ್ಟರು. ಒಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಹೆಚ್ಚಿಸಿದರು. "ಮೂರು ದಿನ ಮುಂಚೆ ಬಂದಿದ್ರೆ ಇಷ್ಟೂ ಬೇಕಿರಲಿಲ್ಲ" ಎಂದು ನನ್ನನ್ನು ನೋಡಿದರು. "ಮನೇಲಿ ಯಾರಿದ್ದೀರಿ?" ಎಂದು ಕೇಳಿದರು. "ನಾನಿದೀನಿ" ಎಂದರು ಭಾವ.

ಮುಂದೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇವರು ಇನ್ನೂ ಎಷ್ಟೋ ಸಲ ಏರಿದರು, ಎಷ್ಟೋ ಸಲ ಗೋಡೆಯ ಕಡೆ ತಿರುಗಿ ಮಲಗಿದರು. ಮತ್ತೆರಡು ಸಲ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಆದರೆ ಕೆಲಸದಲ್ಲೇ ನಿವೃತ್ತರಾದರು, ಮಗಳ ಮದುವೆಗೆ ಚಪ್ಪರದ ನಕ್ಷೆಯನ್ನು ಅಳತೆ ಹಾಕಿ ಬರೆದರು, ಎಪ್ಪತ್ತೊಂದನೇ ವಯಸ್ಸಿನಲ್ಲಿ ತಮ್ಮ ಹಾಸಿಗೆಯ ಮೇಲೆ, ನನ್ನ ಕೈ ಹಿಡಿದುಕೊಂಡು ಹೋದರು. ಮುನಿಯಪ್ಪ, ಪಿಳ್ಳಮ್ಮ ಅವರಿಗಿಂತ ಮುಂಚೆಯೇ ಹೋಗಿದ್ದರು. ಆ ಗುಂಡಿಯನ್ನು ನಾವು ಮುಚ್ಚಲಿಲ್ಲ. ಮುಂದಿನ ಮಳೆಗಾಲದಲ್ಲಿ ಅದರಲ್ಲಿ ಒಂದು ನುಗ್ಗೆ ಕೊಂಬೆ ನೆಟ್ಟೆವು.

ನಾನು ಹೇಳಬೇಕಾದದ್ದು ತಿಥಿಯ ಮಾರನೆಯ ಬೆಳಗಿನದು.

ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು. ಧನುರ್ಮಾಸದಲ್ಲಿ ಸೂರ್ಯ ಹುಟ್ಟಿದ ಮೇಲೆ ಎದ್ದದ್ದು ನನ್ನ ಜೀವಮಾನದಲ್ಲೇ ಅದೇ ಮೊದಲು. ಹುಗ್ಗಿ ಇಲ್ಲ, ನೈವೇದ್ಯ ಇಲ್ಲ, ಬಾಗಿಲಿಗೆ ನೀರು ಕೂಡ ಹಾಕಿಲ್ಲ. ಇವರ ಹಾಸಿಗೆ ನೋಡಿದೆ, ಇನ್ನೂ ಮಲಗಿದ್ದರು, ಬಾಯಿ ಸ್ವಲ್ಪ ತೆರೆದಿತ್ತು. ಉಷಾ ಅವರ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದ್ದಳು. ಸೆರಗು ಸರಿಮಾಡಿಕೊಂಡು ಗಾಬರಿಯಲ್ಲಿ ಹೊರಗೆ ಓಡಿದೆ.

ಬಾಗಿಲಿಗೆ ನೀರು ಬಿದ್ದಿತ್ತು. ಚಿಮುಕಿಸಿದ್ದಲ್ಲ, ಕೊಡವನ್ನೇ ಬೋರಲು ಹಾಕಿದಂತೆ ಅಂಗಳವೆಲ್ಲ ಕೆಸರು. ಭಾವನವರು, ಮಡಿ ಮೈಲಿಗೆ ಎಂದರೆ ಪ್ರಾಣ ಬಿಡುವ ಶಿರಸ್ತೇದಾರರು, ಮಂಕಿಟೋಪಿ ಹಾಕಿಕೊಂಡು, ಪಂಚೆ ಎತ್ತಿಕಟ್ಟಿ, ನನ್ನ ರಂಗೋಲಿ ಮರಿಗೆ ಹಿಡಿದು ಗೇಟಿನ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದರು. ಗೇಟಿನ ಆಚೆ ಪಿಳ್ಳಮ್ಮ ಬುಟ್ಟಿ ಇಳಿಸಿ ನಿಂತಿದ್ದಳು. ಕಮಲಮ್ಮನವರ ಕಿಟಕಿ ಪೂರ್ತಿ ತೆರೆದಿತ್ತು. ತೆರೆದಿರಲಿ ಎಂದುಕೊಂಡೆ.

"ಸಾಲು ಸೊಟ್ಟ ಆಯ್ತು ಕಣಮ್ಮ" ಎಂದರು ಭಾವ, ತಲೆ ಎತ್ತದೆ. "ಸೀನೂಗೆ ತೋರಿಸ್ಬೇಡ, ಕಿತ್ತು ನೆಡ್ತಾನೆ."

ಮೇಲಿನ ಸಾಲಿನಲ್ಲಿ ಏಳು ಚುಕ್ಕಿ. ಒಂದು ಉದ್ದಿನಕಾಳಿನಷ್ಟು, ಒಂದು ನೆಲ್ಲಿಕಾಯಿಯಷ್ಟು. ಕೆಳಗಿನ ಸಾಲನ್ನು ಎಣಿಸಿದೆ. ನಂಬಿಕೆಯಾಗದೆ ಪಿಳ್ಳಮ್ಮನ ಮುಖ ನೋಡಿದೆ.

"ಒಂಬತ್ತು" ಎಂದಳು ಪಿಳ್ಳಮ್ಮ. "ಇವತ್ತು ಚುಕ್ಕೀನೂ ಕಣ್ಣೂ ಒಂದೇ ಹೇಳ್ತಾವೆ." ಬುಟ್ಟಿಯನ್ನು ತಲೆಗೆ ಎತ್ತಿಕೊಡಲು ಭಾವನನ್ನೇ ಕರೆದು, ಅವರೇಕಾಯ್ ಎಂದು ಕೂಗುತ್ತಾ ಮುಂದಕ್ಕೆ ಹೋದಳು.